ಮದ್ಯ ಬಿಡಬೇಕೆಂದಿರುವವರಿಗೆ ಜೊತೆ ಎಲ್ಲಿದೆ?

ಮದ್ಯಪಾನದ ಬಗ್ಗೆ ಖುತುಬಾ ಆದ ವಾರ ಮಸೀದಿಯ ಹೊರಗೆ ಕೇಳಿಬರುವ ಮಾತು ಹೆಚ್ಚುಕಡಿಮೆ ಒಂದೇ: "ಹರಾಮ್ ಎಂದು ಅವನಿಗೂ ಗೊತ್ತುಂಟು ಉಸ್ತಾದರೇ, ಬಿಡಲಿಕ್ಕೆ ಆಗುವುದಿಲ್ಲ. ಏನು ಮಾಡುವುದು?" ಕೇಳುವವರು ಕುಡಿಯುವವರಲ್ಲ, ಅವರ ತಂದೆ, ಅಣ್ಣ, ಹೆಂಡತಿಯ ಮನೆಯವರು. ತೋಡಾರಿನ ಆಸುಪಾಸಿನವರು ಇಂತಹ ಸಂದರ್ಭದಲ್ಲಿ ಎಲ್ಲಿಗೆ ಹೋಗಬಹುದು ಎಂಬುದನ್ನು ಈ ಬಾರಿ ವಿವರಿಸುತ್ತಿದ್ದೇವೆ.

ಮೊದಲು ನಮ್ಮ ನಡವಳಿಕೆಯ ಮಾತು. ಪ್ರವಾದಿ(ಸ)ರ ಕಾಲದಲ್ಲಿ ಕುಡಿತಕ್ಕಾಗಿ ಹಲವು ಸಲ ಶಿಕ್ಷೆಗೊಳಗಾದ ವ್ಯಕ್ತಿಯೊಬ್ಬರ ಪ್ರಸಂಗ ಸಹೀಹ್ ಬುಖಾರಿಯಲ್ಲಿದೆ. ಅಲ್ಲಿದ್ದ ಒಬ್ಬರು ಅವರನ್ನು ಶಪಿಸಿದಾಗ ಪ್ರವಾದಿ(ಸ)ರು ತಡೆದರು. ಆತ ಅಲ್ಲಾಹನನ್ನೂ ಅವನ ರಸೂಲರನ್ನೂ ಪ್ರೀತಿಸುವವನೆಂದು ಸಾಕ್ಷಿ ನುಡಿದರು. ಶಿಕ್ಷೆ ಮನ್ನಾ ಆಗಲಿಲ್ಲ, ಆದರೆ ಶಾಪಕ್ಕೂ ಅವಕಾಶ ಸಿಗಲಿಲ್ಲ. ಕುಡಿಯುವವನ ಹೆಸರು ಹಿಡಿದು ಅಂಗಡಿ ಜಗಲಿಯಲ್ಲಿ ಕುಳಿತು ನಗುವವರು ಈ ಹದೀಸನ್ನು ಒಮ್ಮೆ ಓದಲಿ.

ಇನ್ನೊಂದು ವಿಷಯವನ್ನು ಸ್ವಲ್ಪ ಬಿಡಿಸಿ ಹೇಳಲೇಬೇಕು. ವರ್ಷಗಟ್ಟಲೆ ದಿನಾ ಕುಡಿದವರು ರಮಳಾನಿನ ಮೊದಲ ದಿನ ತೌಬಾ ಮಾಡಿ ಒಮ್ಮೆಲೇ ನಿಲ್ಲಿಸುವುದುಂಟು. ನಿಯ್ಯತ್ತು ಒಳ್ಳೆಯದೇ. ಆದರೆ ಮದ್ಯಕ್ಕೆ ಒಗ್ಗಿಹೋದ ಶರೀರ ಹಠಾತ್ತನೆ ಅದು ಸಿಗದಾಗ ತಿರುಗಿ ಬೀಳುತ್ತದೆ. ಮೊದಲು ಕೈ ನಡುಕ, ಬೆವರು, ನಿದ್ದೆಯಿಲ್ಲದ ರಾತ್ರಿ. ಒಂದೆರಡು ದಿನಗಳೊಳಗೆ ಕೆಲವರಿಗೆ ಅಪಸ್ಮಾರದಂತಹ ಸೆಳೆತ ಬರುತ್ತದೆ. ಎರಡು ಮೂರು ದಿನ ಕಳೆಯುವಾಗ ಇಲ್ಲದವರನ್ನು ಕಾಣುವುದು, ಗೋಡೆಯ ಜೊತೆ ಮಾತನಾಡುವುದು ಶುರುವಾಗಬಹುದು. ಮನೆಯವರು ಜಿನ್ನ್ ಹಿಡಿಯಿತು, ಸಿಹ್ರ್ ಆಯಿತು ಎಂದು ಮಂತ್ರಿಸಿದ ನೀರಿಗೆ ಓಡುತ್ತಾರೆ. ಇದು ಜೀವಕ್ಕೇ ಅಪಾಯವಾಗುವ ಕಾಯಿಲೆ. ಆಗಲೇ ಆಸ್ಪತ್ರೆಗೆ ಸೇರಿಸಬೇಕು. ದುಆ ಆಸ್ಪತ್ರೆಯ ಹಾಸಿಗೆಯ ಪಕ್ಕದಲ್ಲಿಯೂ ಮಾಡಬಹುದು. ಹಾಗಾಗಿ ವಿಪರೀತ ಕುಡಿಯುವವರು ನಿಲ್ಲಿಸುವ ಮೊದಲೇ ವೈದ್ಯರನ್ನು ಕಾಣುವುದು ಒಳ್ಳೆಯದು. ಮಂಗಳೂರಿನ ವೆನ್ಲಾಕ್ ಸರಕಾರಿ ಜಿಲ್ಲಾಸ್ಪತ್ರೆಯಲ್ಲಿ ಮನೋರೋಗ ವಿಭಾಗವಿದೆ.

ಮದ್ದು ಶರೀರವನ್ನು ಸರಿಮಾಡುತ್ತದೆ. ಆದರೆ ಊರಿಗೆ ಮರಳಿದ ಮೇಲೆ ಸಂಜೆ ಆರು ಗಂಟೆಗೆ ಹಳೆಯ ಗೆಳೆಯ ಕರೆದಾಗ ಏನು ಮಾಡುವುದು? ಬೆಂಬಲ ಗುಂಪುಗಳ ಕೆಲಸ ಇಲ್ಲಿಂದ ಶುರು. ಇವುಗಳಲ್ಲಿ ಹಳೆಯದು ಆಲ್ಕೊಹಾಲಿಕ್ಸ್ ಅನಾನಿಮಸ್, ಅಂದರೆ ಎ.ಎ. 1935ರಲ್ಲಿ ಅಮೆರಿಕದ ಆಕ್ರನ್ ಪಟ್ಟಣದಲ್ಲಿ ಕುಡಿತಕ್ಕೆ ಸಿಲುಕಿದ್ದ ಇಬ್ಬರು, ಒಬ್ಬ ಷೇರು ವ್ಯವಹಾರದವ, ಇನ್ನೊಬ್ಬ ಡಾಕ್ಟರ್, ಪರಸ್ಪರ ಮಾತನಾಡುತ್ತಾ ಕುಡಿಯದೆ ಉಳಿದದ್ದರಿಂದ ಇದು ಹುಟ್ಟಿತು. ಸೇರಲು ಕುಡಿತ ಬಿಡಬೇಕೆಂಬ ಆಸೆಯೊಂದಿದ್ದರೆ ಸಾಕು. ಫೀಸು ಇಲ್ಲ, ಖರ್ಚಿಗಾಗಿ ಡಬ್ಬಿ ತಿರುಗುತ್ತದೆ, ಹಾಕುವುದು ಬಿಡುವುದು ನಿಮ್ಮಿಷ್ಟ. ಪೂರ್ತಿ ಹೆಸರು, ಮನೆ, ಜಮಾಅತ್ ಯಾರೂ ಕೇಳುವುದಿಲ್ಲ. ಒಬ್ಬೊಬ್ಬರೇ ತಮ್ಮ ಕಥೆ ಹೇಳುತ್ತಾರೆ, ಉಳಿದವರು ಕೇಳುತ್ತಾರೆ, ಉಪದೇಶವಿಲ್ಲ. ಮೊದಲ ದಿನ ಸುಮ್ಮನೆ ಕುಳಿತು ಬಂದರೂ ನಡೆಯುತ್ತದೆ. ಅಲ್ಲಿ ಕೇಳಿದ್ದನ್ನು ಹೊರಗೆ ಹೇಳಬಾರದೆಂಬ ನಿಯಮವಿದೆ. ಸಹೋದರನ ಕುಂದನ್ನು ಮುಚ್ಚಿಡಬೇಕೆಂದು ಕಲಿತಿರುವ ನಮಗೆ ಇದು ಹೊಸತಲ್ಲ.

ಸಭೆಗಳು ಅನೇಕ ಕಡೆ ಚರ್ಚಿನ ಸಭಾಂಗಣ, ಶಾಲೆಯ ಕೋಣೆಗಳಲ್ಲಿ ನಡೆಯುತ್ತವೆ. "ನಾವು ಅಲ್ಲಿಗೆ ಹೋಗುವುದಾ?" ಎಂದು ಕೇಳುವವರಿದ್ದಾರೆ. ಎ.ಎ. ಯಾವ ಧರ್ಮಕ್ಕೂ ಸೇರಿದ್ದಲ್ಲ, ಕೋಣೆಯನ್ನು ಉಪಯೋಗಿಸುತ್ತದೆ ಅಷ್ಟೆ. ಅಲ್ಲಿ ಸೃಷ್ಟಿಕರ್ತನ ಸಹಾಯ ಬೇಡುವ ಮಾತು ಬರುತ್ತದೆ. ಪ್ರತಿಯೊಬ್ಬರೂ ತಮ್ಮ ನಂಬಿಕೆಯಂತೆ ಬೇಡಬಹುದು. ಮನಸ್ಸಿಗೆ ಸಂಶಯವಿದ್ದರೆ ನಿಮ್ಮ ಖತೀಬರಲ್ಲಿ ಗುಟ್ಟಾಗಿ ವಿಚಾರಿಸಿ. ಬಾರಿನ ಬಾಗಿಲಲ್ಲಿ ಬರದ ಸಂಶಯ ಇಲ್ಲಿ ಮಾತ್ರ ಬರುವುದು ವಿಚಿತ್ರವೇ.

ನಮ್ಮ ಜಿಲ್ಲೆಯಲ್ಲಿ ಹಳ್ಳಿಗಳವರೆಗೆ ತಲುಪಿರುವುದು ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆ ಮತ್ತು ಅಖಿಲ ಕರ್ನಾಟಕ ಜನಜಾಗೃತಿ ವೇದಿಕೆಯ ಮದ್ಯವರ್ಜನ ಶಿಬಿರಗಳು. ಶಿಬಿರ ಮುಗಿಸಿದವರು ಊರಲ್ಲಿ ನವಜೀವನ ಸಮಿತಿ ಮಾಡಿಕೊಂಡು ಆಗಾಗ ಸೇರುತ್ತಾರೆ. ಶಿಬಿರದ ದಿನಚರಿಯಲ್ಲಿ ಭಜನೆಯೂ ಇರುತ್ತದೆ. ನಮಾಝ್, ಊಟದ ವಿಷಯವನ್ನು ಸೇರುವ ಮೊದಲೇ ಸಂಘಟಕರ ಹತ್ತಿರ ಮಾತನಾಡಿಕೊಳ್ಳಿ.

ಹತ್ತಿರದ ಸಭೆ ಹುಡುಕಲು ಮನೋರೋಗ ವಿಭಾಗದ ವೈದ್ಯರನ್ನು, ಆಪ್ತಸಮಾಲೋಚಕರನ್ನು ಕೇಳುವುದು ಸುಲಭದ ದಾರಿ. ಕೇಂದ್ರ ಸರಕಾರದ ವ್ಯಸನಮುಕ್ತಿ ಸಹಾಯವಾಣಿ 14446. ಮಾನಸಿಕ ಆರೋಗ್ಯದ ಟೆಲಿ ಮಾನಸ್ 14416, ಕನ್ನಡದಲ್ಲಿಯೂ ಮಾತನಾಡಬಹುದು. ಎರಡಕ್ಕೂ ಹಣವಿಲ್ಲ. ಮೂಡುಬಿದಿರೆಯಲ್ಲಿ ಗುರುತಿನವರು ಸಿಕ್ಕಾರು ಎಂಬ ಅಳುಕಿದ್ದರೆ ಬಸ್ಸು ಹತ್ತಿ ಮಂಗಳೂರಿನ ಸಭೆಗೆ ಹೋಗಿ. ಗಲ್ಫಿನಲ್ಲಿರುವವರಿಗೆ ಆನ್‌ಲೈನ್ ಸಭೆಗಳಿವೆ.

ಮನೆಯವರಿಗೂ ಪ್ರತ್ಯೇಕ ಗುಂಪಿದೆ, ಅಲ್-ಅನಾನ್, 1951ರಿಂದ. ಗಂಡನ ಜೇಬು ಹುಡುಕುವ, ಬಾಟಲಿ ಒಡೆಯುವ, ನೆರೆಯವರಿಗೆ "ಜ್ವರ" ಎಂದು ಸುಳ್ಳು ಹೇಳುವ ಹೆಂಡತಿಗೆ ಈ ಕುಡಿತ ನಿನ್ನಿಂದ ಆದದ್ದಲ್ಲ ಎಂದು ಅಲ್ಲಿ ಹೇಳಿಕೊಡುತ್ತಾರೆ. ಆತ ಬಿಡಲು ಒಪ್ಪದಿದ್ದರೂ ಆಕೆ ಹೋಗಬಹುದು.

ಸಭೆ ಸಾಮಾನ್ಯವಾಗಿ ಒಂದು, ಒಂದೂವರೆ ಗಂಟೆ. ಸಂಜೆಯ ಸಭೆಯಾದರೆ ಮಗ್ರಿಬ್ ಎಲ್ಲಿ ನಿರ್ವಹಿಸುವುದೆಂದು ಮೊದಲೇ ನೋಡಿಕೊಳ್ಳಿ. ಮೊದಲ ಸಲ ಜೊತೆಗೆ ಅಣ್ಣನೋ ಭಾವನೋ ಹೋಗಿ ಹೊರಗೆ ಕಾಯಲಿ.