ದಾಳ ಉರುಳಿತು, ಶಿಕ್ಷೆ ಬೆಳೆಯಿತು
ಅಂಗಡಿ ಕಳ್ಳತನದ ಒಂದು ಕಾಲ್ಪನಿಕ ಕೇಸು. ಜರ್ಮನಿಯ ಕಾನೂನು ಪರಿಣತರಿಗೆ ಕಡತದ ಜೊತೆ ದಾಳಗಳನ್ನೂ ಕೊಟ್ಟರು. ಪ್ರಾಸಿಕ್ಯೂಟರ್ ಎಷ್ಟು ತಿಂಗಳ ಶಿಕ್ಷೆ ಕೇಳ್ತಾರೆ ಅನ್ನೋದನ್ನ ದಾಳವೇ ಹೇಳಲಿ ಅಂದರು. ದಾಳದಲ್ಲಿ ಮೋಸವಿತ್ತು: ಬೀಳೋದು ಒಂದೋ 3, ಇಲ್ಲಾ 9. ಮೂರು ಬಿದ್ದವರು ಕೊಟ್ಟ ಶಿಕ್ಷೆ ಸರಾಸರಿ 5.28 ತಿಂಗಳು, ಒಂಬತ್ತು ಬಿದ್ದವರದು 7.81. ಅಂಕಿ ತಮ್ಮ ಕೈಯಿಂದಲೇ ಉರುಳಿದ್ದನ್ನು ಕಂಡವರು ಇವರು!

ಇದು ಬಿರ್ಟೆ ಎಂಗ್ಲಿಖ್ ಮತ್ತು ಸಂಗಡಿಗರ 2006ರ ಪ್ರಯೋಗ. ಮೊದಲು ಕೇಳಿದ ಅಂಕಿಗೆ ಮನಸ್ಸು ಗಂಟುಬೀಳುವುದಕ್ಕೆ 'ಆಂಕರಿಂಗ್' ಅಂತಾರೆ. (ಸಂಬಳದ ಚೌಕಾಸಿ ಮಾಡಿದವರಿಗೆ ಬಿಡಿಸಿ ಹೇಳಬೇಕಿಲ್ಲ.) ಅಲ್ಲಿನ ಕೋರ್ಟಿನಲ್ಲಿ ಇಷ್ಟು ಶಿಕ್ಷೆ ಕೊಡಿ ಎಂದು ಮೊದಲು ಕೇಳೋರು ಪ್ರಾಸಿಕ್ಯೂಟರ್. ಆಮೇಲೆ ಎದ್ದುನಿಲ್ಲುವ ಆರೋಪಿ ಪರ ವಕೀಲರ ಬೇಡಿಕೆಯೂ ಆ ಅಂಕಿಯತ್ತಲೇ ಜಗ್ಗುತ್ತೆ ಅಂತ ಇದೇ ತಂಡ 2005ರಲ್ಲೇ ತೋರಿಸಿತ್ತು.