ಬ್ಲ್ಯಾಕ್ ಬೆಲ್ಟ್‌ಗೆ ಯಾಕಿಷ್ಟು ವರ್ಷ?

ಥಾಣೆ, ಡೊಂಬಿವಲಿ, ಕಲ್ಯಾಣ್, ನವಿಮುಂಬಯಿಯ ಹೌಸಿಂಗ್ ಸೊಸೈಟಿಗಳಿಗೆ ಸಂಜೆಯ ಕರಾಟೆ ಕ್ಲಾಸು ಹಳೆಯ ಸಂಗತಿ. ಈಚೆಗೆ ಕೆಲವು ಮಕ್ಕಳು ಜೂಡೊ, ಬ್ರೆಜಿಲಿಯನ್ ಜಿಯು-ಜಿತ್ಸು ಕಡೆಗೂ ತಿರುಗಿದ್ದಾರೆ. ಅಪ್ಪ-ಅಮ್ಮಂದಿರ ತಕರಾರು ಶುರುವಾಗುವುದು ಅಲ್ಲಿಂದಲೇ: ಪಕ್ಕದ ಫ್ಲ್ಯಾಟಿನ ಹುಡುಗಿಗೆ ಕರಾಟೆಯಲ್ಲಿ ಆಗಲೇ ಬ್ಲ್ಯಾಕ್ ಬೆಲ್ಟ್, ನಮ್ಮವನದು ಇನ್ನೂ ಅದೇ ಮಾಸಲು ಬಿಳಿ!

“ಬ್ಲ್ಯಾಕ್ ಬೆಲ್ಟ್ ಎಂದರೆ ಎಲ್ಲ ಕಡೆಯೂ ಒಂದೇ”

ಬಣ್ಣ ಒಂದೇ, ಮೆಟ್ಟಿಲು ಬೇರೆ. ಟೋಕಿಯೊದಲ್ಲಿರುವ ಜೂಡೊದ ಮೂಲಶಾಲೆ ಕೊಡೊಕಾನ್‌ನವರ ಲೆಕ್ಕದಲ್ಲಿ ಮೊದಲ ಡಾನ್ (ಬ್ಲ್ಯಾಕ್ ಬೆಲ್ಟಿನ ಮೊದಲ ದರ್ಜೆ) ಪಡೆದವನು ಮೂಲಪಾಠ ಮುಗಿಸಿದ ವಿದ್ಯಾರ್ಥಿ. ಅವನ ಮೇಲೆ ಇನ್ನೂ ಒಂಬತ್ತು ಡಾನ್‌ಗಳಿವೆ. ಜಿಯು-ಜಿತ್ಸುವಿನಲ್ಲಿ ದೊಡ್ಡವರಿಗೆ ಬಿಳಿ, ನೀಲಿ, ನೇರಳೆ, ಕಂದು, ಕಪ್ಪು ಎಂಬ ಐದೇ ಮುಖ್ಯ ಬಣ್ಣ. ಕಪ್ಪು ಕಟ್ಟಿದವನನ್ನು ಇತರರಿಗೆ ಕಲಿಸಬಲ್ಲ ಗುರುವೆಂದೇ ಎಣಿಸುತ್ತಾರೆ. ಅಲ್ಲಿಗೆ ತಲುಪಲು ಹೆಚ್ಚಿನವರಿಗೆ ಹತ್ತು ವರ್ಷದ ಆಸುಪಾಸು ಹಿಡಿಯುತ್ತದೆ. ಕರಾಟೆಯ ಅನೇಕ ಶಾಲೆಗಳು ದಾರಿಯನ್ನು ಎಂಟು-ಹತ್ತು ತುಂಡು ಮಾಡಿ, ಕೆಲವು ತಿಂಗಳಿಗೊಂದು ಪರೀಕ್ಷೆ ಇಡುತ್ತವೆ. ಮಕ್ಕಳ ಉತ್ಸಾಹಕ್ಕೆ ಅದು ಒಳ್ಳೆಯದೇ. ಆದರೆ ಆ ಅಳತೆಗೋಲಿನಿಂದ ಜಿಯು-ಜಿತ್ಸುವನ್ನು ಅಳೆಯಬಾರದು.

“ಇದೆಲ್ಲ ಸಾವಿರಾರು ವರ್ಷದ ಜಪಾನಿ ಪರಂಪರೆ”

ಜೂಡೊದ ಜನಕ ಜಿಗೊರೊ ಕಾನೊ ಕೊಡೊಕಾನ್ ತೆರೆದದ್ದು 1882ರಲ್ಲಿ. ಮೊದಲ ಡಾನ್ ಕೊಟ್ಟದ್ದು ಮರುವರ್ಷ, ಇಬ್ಬರು ಶಿಷ್ಯರಿಗೆ. ಬಣ್ಣಬಣ್ಣದ ಬೆಲ್ಟುಗಳು ಹರಡಿದ್ದು 1930ರ ದಶಕದ ನಂತರ ಯುರೋಪಿನಲ್ಲಿ. ಪ್ಯಾರಿಸ್‌ನಲ್ಲಿ ಕಲಿಸುತ್ತಿದ್ದ ಮಿಕಿನೊಸುಕೆ ಕವಾಯಿಶಿಯ ಹೆಸರು ಇದಕ್ಕೆ ಅಂಟಿಕೊಂಡಿದೆ. ಮಿತ್ಸುಯೊ ಮಾಯೆದಾ ಎಂಬ ಜೂಡೊ ಪಟು 1914ರಲ್ಲಿ ಬ್ರೆಜಿಲ್‌ಗೆ ಹೋಗಿ ಗ್ರೇಸಿ ಮನೆತನದ ಹುಡುಗನಿಗೆ ಕಲಿಸಿದ್ದರಿಂದ ಹುಟ್ಟಿದ ಕವಲು ಬ್ರೆಜಿಲಿಯನ್ ಜಿಯು-ಜಿತ್ಸು. ಅದರ ಈಗಿನ ಬೆಲ್ಟ್ ಕ್ರಮಕ್ಕೆ ತಳಪಾಯ ಬಿದ್ದದ್ದು 1967ರಲ್ಲಿ.

“ಪಟ್ಟುಗಳು ಜಾಸ್ತಿ, ಅದಕ್ಕೇ ತಡ”

ಎದುರಾಳಿಯ ತೋಳು ಸಿಕ್ಕಿಸಿ ಮೊಣಕೈಯನ್ನು ಹಿಮ್ಮುಖವಾಗಿ ಅದುಮುವ ಆರ್ಮ್‌ಬಾರ್ ಪಟ್ಟನ್ನು ಒಂದು ಸಂಜೆಯಲ್ಲಿ ಹೇಳಿಕೊಡಬಹುದು. ತಪ್ಪಿಸಿಕೊಳ್ಳಲು ಹೆಣಗುವ ಎಂಬತ್ತು ಕೆ.ಜಿ. ಆಸಾಮಿಯ ಮೇಲೆ ಅದನ್ನು ಹಾಕಲು ವರ್ಷಗಳು ಬೇಕು. ಗುದ್ದು-ಒದೆತಗಳ ವಿದ್ಯೆಯಲ್ಲಿ ದಿನವೂ ಪೂರ್ತಿ ಬಲದಿಂದ ಹೊಡೆದಾಡಿದರೆ ತಲೆ ಉಳಿಯುವುದಿಲ್ಲ. ಹಾಗಾಗಿ ಬೆಲ್ಟ್ ಪರೀಕ್ಷೆಯಲ್ಲಿ ಒಂಟಿಯಾಗಿ ಮಾಡಿ ತೋರಿಸುವ ಕಾತಾಗೆ ದೊಡ್ಡ ಪಾಲು. (ಕ್ಯೊಕುಶಿನ್‌ನಂಥ ಒರಟು ಕರಾಟೆಯವರು ಇದನ್ನು ಒಪ್ಪಲಿಕ್ಕಿಲ್ಲ, ಅವರ ಮಾತಲ್ಲೂ ನ್ಯಾಯವಿದೆ.) ಹಿಡಿತದ ವಿದ್ಯೆಯಲ್ಲಿ ಸಿಕ್ಕಿಬಿದ್ದವನು ಕೈಯಿಂದ ತಟ್ಟಿದ ಕೂಡಲೇ ಹಿಡಿದವನು ಬಿಡುತ್ತಾನೆ. ಸುಧಾರಿಸಿಕೊಂಡು ಮತ್ತೆ ಶುರು. ಜೂಡೊದವರು ಇದಕ್ಕೆ ರಾಂದೋರಿ ಅನ್ನುತ್ತಾರೆ, ಜಿಯು-ಜಿತ್ಸುವಿನವರು ರೋಲಿಂಗ್.

ಹೀಗಾಗಿ ಯಾರು ಎಷ್ಟರವರು ಎಂಬುದು ಮ್ಯಾಟಿನ ಮೇಲೆ ಎಲ್ಲರೆದುರೇ ಬಯಲಾಗುತ್ತದೆ. ಅವಸರದಲ್ಲಿ ಒಬ್ಬನಿಗೆ ನೇರಳೆ ಕಟ್ಟಿದರೆ ಮರುದಿನವೇ ಹಳೆಯ ನೀಲಿಯವರು ಅವನನ್ನು ಹಿಂಡಿಹಾಕುತ್ತಾರೆ. ಮುಜುಗರ ಕಟ್ಟಿಸಿಕೊಂಡವನಿಗಷ್ಟೇ ಅಲ್ಲ, ಕಟ್ಟಿದ ಗುರುವಿಗೂ. ಅವರು ಕೈ ಬಿಗಿಹಿಡಿಯಲು ಇದೇ ದೊಡ್ಡ ಕಾರಣವೆಂದು ನನ್ನ ಎಣಿಕೆ. ಜೂಡೊದಲ್ಲೂ ರಾಂದೋರಿ ಉಂಟಲ್ಲ, ಅಲ್ಲಿ ಕಪ್ಪು ಯಾಕೆ ಬೇಗ ಎಂದು ಕೇಳಬಹುದು. ಅವರು ಕಪ್ಪನ್ನು ಕೆಳಗಿನ ಮೆಟ್ಟಿಲಲ್ಲೇ ಇಟ್ಟಿದ್ದಾರೆ, ಅಷ್ಟೇ.

“ಫೀಸಿಗಾಗಿ ಎಳೆಯುತ್ತಾರೆ”

ಬೆಲ್ಟಿಗೊಂದು ಪರೀಕ್ಷಾ ಶುಲ್ಕ ಇರುವಲ್ಲಿ ಬೇಗ ಬೇಗ ಬೆಲ್ಟ್ ಕೊಟ್ಟಷ್ಟೂ ಆದಾಯ. ಎಳೆದರೆ ನಷ್ಟವೇ. ಜಿಯು-ಜಿತ್ಸುವಿನಲ್ಲಿ ಎಷ್ಟೋ ಕಡೆ ಪರೀಕ್ಷೆಯೇ ಇಲ್ಲ. ತಿಂಗಳ ಫೀಸು ಮಾತ್ರ ಸೊಸೈಟಿ ಕ್ಲಾಸಿಗಿಂತ ದುಬಾರಿ. ಸೇರುವ ಮೊದಲೇ ಕೇಳಿಕೊಳ್ಳಿ.

“ಬುದ್ಧಿವಂತ ಮಗು ಹನ್ನೆರಡಕ್ಕೇ ಕಪ್ಪು ಕಟ್ಟಬಹುದು”

ಅಂತರರಾಷ್ಟ್ರೀಯ ಬ್ರೆಜಿಲಿಯನ್ ಜಿಯು-ಜಿತ್ಸು ಫೆಡರೇಶನ್ನಿನ ನಿಯಮದಲ್ಲಿ ಇದು ಸಾಧ್ಯವೇ ಇಲ್ಲ. ಮಕ್ಕಳಿಗೆ ಬಿಳಿಯ ಬಳಿಕ ಬೂದು, ಹಳದಿ, ಕಿತ್ತಳೆ, ಹಸಿರು. ನೀಲಿಗೆ 16 ತುಂಬಬೇಕು, ಕಂದಿಗೆ 18, ಕಪ್ಪಿಗೆ 19. ಏಳನೇ ವಯಸ್ಸಿಗೆ ಸೇರಿದ ಹುಡುಗಿ ಎಷ್ಟೇ ಚುರುಕಾಗಿರಲಿ, ಹದಿನೈದರಲ್ಲಿ ಅವಳ ಸೊಂಟದಲ್ಲಿರುವುದು ಹೆಚ್ಚೆಂದರೆ ಹಸಿರು. ಇದು ಅವಳ ಸೋಲಲ್ಲ, ಕೋಚ್‌ನ ಜಿಪುಣತನವೂ ಅಲ್ಲ.

“ಇಷ್ಟು ವರ್ಷ ಕಳೆದರೆ ಬೆಲ್ಟ್ ತಾನೇ ಬರುತ್ತದೆ”

ಅದೇ ಫೆಡರೇಶನ್ ಸಾಮಾನ್ಯವಾಗಿ ನೀಲಿಯಲ್ಲಿ ಎರಡು ವರ್ಷ, ನೇರಳೆಯಲ್ಲಿ ಒಂದೂವರೆ, ಕಂದಿನಲ್ಲಿ ಒಂದು ವರ್ಷ ಇರಬೇಕೆನ್ನುತ್ತದೆ. ಇದಕ್ಕಿಂತ ಬೇಗ ಬೇಡ ಎಂಬುದಷ್ಟೇ ಅದರ ಅರ್ಥ. ಅವಧಿ ಮುಗಿದರೆ ಕೊಡಲೇಬೇಕೆಂದಲ್ಲ. ಅಮೆರಿಕದ ಬಿ.ಜೆ. ಪೆನ್ ನಾಲ್ಕು ವರ್ಷವೂ ತುಂಬದೆ ಕಪ್ಪು ಕಟ್ಟಿ 2000ದಲ್ಲಿ ವಿಶ್ವ ಚಾಂಪಿಯನ್ ಆದರು. ಆ ಉದಾಹರಣೆ ಕೊಡುವವರು ಗಂಟೆಗಳ ಲೆಕ್ಕ ಮರೆಯುತ್ತಾರೆ. ಕಲ್ಯಾಣ್‌ನಿಂದ ಫಾಸ್ಟ್ ಲೋಕಲ್ ಹಿಡಿದು ಆಫೀಸಿಗೆ ಹೋಗಿ ರಾತ್ರಿ ಎಂಟಕ್ಕೆ ಇಳಿಯುವವನಿಗೆ ವಾರಕ್ಕೆ ಎರಡು ಕ್ಲಾಸು ಸಿಕ್ಕರೆ ಪುಣ್ಯ. ಗಂಟೆಯ ಕ್ಲಾಸಾದರೆ ವರ್ಷಕ್ಕೆ ನೂರು ಗಂಟೆ. ದಿನಕ್ಕೆ ನಾಲ್ಕು ಗಂಟೆ ಮ್ಯಾಟಿನ ಮೇಲಿರುವವನು ಅಷ್ಟನ್ನು ಒಂದು ತಿಂಗಳಲ್ಲಿ ಮುಗಿಸುತ್ತಾನೆ.

“ಬೆಲ್ಟ್ ಇಲ್ಲದಿದ್ದರೆ ವಿದ್ಯೆಯೂ ಇಲ್ಲ”

ನಮ್ಮ ಗರಡಿಮನೆಗಳಲ್ಲಿ, ಮಹಾರಾಷ್ಟ್ರದ ತಾಲೀಮುಗಳಲ್ಲಿ ಯಾವ ಕಾಲಕ್ಕೂ ಬೆಲ್ಟ್ ಇರಲಿಲ್ಲ. ಕರಾಡ್ ಬಳಿಯ ಗೋಳೇಶ್ವರದ ಖಾಶಾಬಾ ಜಾಧವ್ 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ ಕುಸ್ತಿಯ ಕಂಚು ಗೆದ್ದದ್ದು ಗರಡಿಯ ಮಣ್ಣಿನಿಂದ ಬಂದು. ಬೆಳಗಾವಿ ಪಕ್ಕದ ತುರಮುರಿಯ ಮಲಪ್ರಭಾ ಜಾಧವ್ ಜೂಡೊದಲ್ಲಿ ಪಳಗಿ, ಅದರ ಸೋದರಿಯಂಥ ಕುರಾಶ್‌ಗೆ ಹೊರಳಿ, 2018ರ ಜಕಾರ್ತಾ ಏಷ್ಯನ್ ಕ್ರೀಡಾಕೂಟದ 52 ಕೆ.ಜಿ. ವಿಭಾಗದಲ್ಲಿ ಕಂಚು ತಂದರು. ಕುರಾಶ್‌ನಲ್ಲಿ ನೆಲದ ಹಿಡಿತವಿಲ್ಲ, ಎತ್ತಿ ಒಗೆಯುವುದಷ್ಟೇ. ಅಂಕಣದಲ್ಲಿ ಯಾರೂ ಬೆಲ್ಟಿನ ದರ್ಜೆ ಕೇಳುವುದಿಲ್ಲ.

ಹತ್ತನೆಯ ತರಗತಿ ಪರೀಕ್ಷೆಯ ಕ್ರೀಡಾ ಅಂಕಗಳ ಆಸೆಯಿಂದ ಬೆಲ್ಟಿಗೆ ಅವಸರಪಡಿಸುವ ಪಾಲಕರೂ ಇದ್ದಾರೆ. ಆ ಅಂಕ ಸಿಗುವುದು ಮಾನ್ಯತೆಯುಳ್ಳ ಸ್ಪರ್ಧೆಗಳಲ್ಲಿ ಆಡಿದ್ದಕ್ಕೆ. ಬೆಲ್ಟಿನ ಸರ್ಟಿಫಿಕೇಟು ಫೈಲಿನಲ್ಲೇ ಉಳಿಯುತ್ತದೆ.