ಮಿಲಿಬಗ್ ಒಡಲಲ್ಲಿ ಪ್ರೋಟೀನ್ ಪಾಲುದಾರರು

ಜೋಳದ ರೊಟ್ಟಿ ಜೊತೆ ಬೇಳೆಯೋ ಕಾಳಿನ ಪಲ್ಯವೋ ಇಲ್ಲದಿದ್ದರೆ ನಮ್ಮ ತಾಂಬಾ ಕಡೆ ಅದು ಊಟವೇ ಅಲ್ಲ. ಇದು ಬರೀ ರುಚಿಯ ಮಾತಲ್ಲ. ಜೋಳದಲ್ಲಿ ಲೈಸಿನ್ ಎಂಬ ಅಮೈನೊ ಆಮ್ಲ ಕಡಿಮೆ. ಆ ಕೊರತೆಯನ್ನು ಬೇಳೆ ತುಂಬುತ್ತದೆ. ಪ್ರೋಟೀನ್ ಕಟ್ಟಲು 20 ಬಗೆಯ ಅಮೈನೊ ಆಮ್ಲಗಳು ಬೇಕು. ಅವುಗಳಲ್ಲಿ ಸುಮಾರು ಅರ್ಧದಷ್ಟನ್ನು ಪ್ರಾಣಿಗಳ ದೇಹ ತಾನೇ ತಯಾರಿಸಲಾರದು, ಆಹಾರದಿಂದಲೇ ಪಡೆಯಬೇಕು.

ಹಾಗಾದರೆ ಜೀವಮಾನವಿಡೀ ಗಿಡದ ರಸವನ್ನಷ್ಟೇ ಕುಡಿಯುವ ಕೀಟದ ಗತಿ ಏನು? ಲಿಂಬೆ ಜಾತಿಯ ಗಿಡಗಳನ್ನು ಕಾಡುವ ಹಿಟ್ಟು ತಿಗಣೆಯನ್ನೇ ನೋಡಿ. ರೈತರ ಬಾಯಲ್ಲಿ ಇದು ಮಿಲಿಬಗ್. ಜಿಐ ಮಾನ್ಯತೆ ಪಡೆದ ಇಂಡಿ ಲಿಂಬೆಯ ಸೀಮೆಯವರಿಗೆ ಇದರ ಪರಿಚಯ ಬೇಕಿಲ್ಲ. ಗಿಡದ ರಸದಲ್ಲಿ ಸಕ್ಕರೆ ಹೇರಳ, ಅಗತ್ಯ ಅಮೈನೊ ಆಮ್ಲಗಳು ತೀರಾ ಕಡಿಮೆ. ಹೆಚ್ಚಾದ ಸಕ್ಕರೆಯನ್ನು ಕೀಟ ಅಂಟಾಗಿ ಹೊರಹಾಕುತ್ತದೆ. ಅದಕ್ಕೆ ಇರುವೆ ಮುತ್ತುತ್ತವೆ, ಎಲೆಗೆ ಕಪ್ಪು ಬೂಷ್ಟು ಹಿಡಿಯುತ್ತದೆ.

ಕೊರತೆ ತುಂಬುವ 'ಬೇಳೆ' ಇರುವುದು ಕೀಟದ ಜೀವಕೋಶಗಳ ಒಳಗೇ! ಅಲ್ಲಿ ಟ್ರೆಂಬ್ಲೇಯಾ ಎಂಬ ಬ್ಯಾಕ್ಟೀರಿಯಾ ವಾಸಿಸುತ್ತದೆ. ಅದರೊಳಗೆ ಮೊರನೆಲ್ಲಾ ಎಂಬ ಇನ್ನೊಂದು ಬ್ಯಾಕ್ಟೀರಿಯಾ! ಹಿಟ್ಟು ತಿಗಣೆಗಳಲ್ಲಿ ಹೀಗೆ ಒಂದರೊಳಗೊಂದು ಇರುವುದು 2001ರಲ್ಲಿ ಬೆಳಕಿಗೆ ಬಂತು. ನಮ್ಮ ಕರುಳಿನ ಇ-ಕೋಲಿಗೆ 4 ಸಾವಿರಕ್ಕೂ ಹೆಚ್ಚು ಜೀನ್‌ಗಳಿದ್ದರೆ, ಟ್ರೆಂಬ್ಲೇಯಾಗೆ ಪ್ರೋಟೀನ್ ತಯಾರಿಸುವ ಜೀನ್‌ಗಳು ಸುಮಾರು 120 ಮಾತ್ರ. ತನ್ನದೇ ಪ್ರೋಟೀನ್ ಜೋಡಿಸಲು ಬೇಕಾದ ಮುಖ್ಯ ಕಿಣ್ವಗಳೂ ಅದರ ಬಳಿ ಇಲ್ಲ. ಫಿನೈಲಾಲನಿನ್ ಎಂಬ ಅಮೈನೊ ಆಮ್ಲ ತಯಾರಾಗಬೇಕಾದರೆ ಕೆಲವು ಹಂತ ಟ್ರೆಂಬ್ಲೇಯಾ, ಕೆಲವು ಮೊರನೆಲ್ಲಾ, ಕೊನೆಯ ಹಂತ ಕೀಟ ಮಾಡಬೇಕು. ಅಸೆಂಬ್ಲಿ ಲೈನ್ ಒಂದೇ, ಕೆಲಸಗಾರರು ಮೂವರು. 2013ರ ಸಂಶೋಧನೆ ಇನ್ನೊಂದು ಗುಟ್ಟು ಬಿಚ್ಚಿಟ್ಟಿತು: ಹಿಂದೆಂದೋ ಬೇರೆ ಬ್ಯಾಕ್ಟೀರಿಯಾಗಳಿಂದ ಬಂದ ಕನಿಷ್ಠ 22 ಜೀನ್‌ಗಳು ಕೀಟದ ಡಿಎನ್‌ಎಯಲ್ಲೇ ಸೇರಿ ಕೆಲಸ ಮಾಡುತ್ತಿವೆ.

ಬ್ಯಾಕ್ಟೀರಿಯಾವನ್ನು ಕೊಂದರೆ ಕೀಟವೂ ಸೋಲಬೇಕಲ್ಲವೇ? ಹೌದು. ಪ್ರಯೋಗಾಲಯದಲ್ಲಿ ಆ್ಯಂಟಿಬಯೋಟಿಕ್ ಕೊಟ್ಟು ಬುಕ್ನೆರಾ ಎಂಬ ಜೊತೆಗಾರ ಬ್ಯಾಕ್ಟೀರಿಯಾವನ್ನು ಕಳೆದಾಗ ಸಸ್ಯಹೇನುಗಳ ಬೆಳವಣಿಗೆ ಕುಂಠಿತವಾಗುತ್ತದೆ, ಸಂತಾನವೂ ನಿಲ್ಲುತ್ತದೆ. ಹಾಗೆಂದು ಹೊಲಕ್ಕೆ ಆ್ಯಂಟಿಬಯೋಟಿಕ್ ಸುರಿಯುವಂತಿಲ್ಲ. ಔಷಧಕ್ಕೆ ಜಗ್ಗದ ರೋಗಾಣುಗಳು ಹುಟ್ಟಿದರೆ ನಾಳೆ ಆಸ್ಪತ್ರೆಯಲ್ಲಿ ಮಲಗುವವರು ನಾವೇ. ಅತ್ತ ಮೈಮೇಲಿನ ಮೇಣದ ಹಿಟ್ಟಿನಿಂದಾಗಿ ಕೀಟನಾಶಕವೂ ಮಿಲಿಬಗ್‌ಗೆ ಸರಿಯಾಗಿ ತಾಗುವುದಿಲ್ಲ. ರೈತನ ಖರ್ಚು ಮಾತ್ರ ಏರುತ್ತದೆ. ಸದ್ಯಕ್ಕೆ ಇದನ್ನು ತಿನ್ನುವ ಕ್ರಿಪ್ಟೊಲೀಮಸ್ ಗುಲಗಂಜಿ ಹುಳುವೇ ರೈತಮಿತ್ರ. ಬೆಂಗಳೂರಿನ ಎನ್‌ಬಿಎಐಆರ್‌ನಂತಹ ಸಂಸ್ಥೆಗಳು ಇಂಥ ಮಿತ್ರಕೀಟಗಳ ಮೇಲೆ ಕೆಲಸ ಮಾಡುತ್ತಿವೆ.

ಮುಂದಿನ ದಾರಿ ಜೀನ್‌ಗಳ ಓದಿನಲ್ಲಿದೆ. ಮೂವರ ಈ ಸಾಲಿನಲ್ಲಿ ಯಾವ ಕೊಂಡಿ ಕಳಚಿದರೆ ಕೀಟ ಮಾತ್ರ ಸೋಲುತ್ತದೆ, ಬೆಳೆಗೂ ನಮಗೂ ತೊಂದರೆಯಾಗುವುದಿಲ್ಲ ಎಂದು ಹುಡುಕಲು ಜೀವಶಾಸ್ತ್ರ ಬಲ್ಲವರಷ್ಟೇ ಸಾಲರು, ಕೋಡಿಂಗ್ ಬಲ್ಲವರೂ ಬೇಕು. ಬಿ.ಇ. ಯಾವುದೇ ಶಾಖೆಯಲ್ಲಿ ಓದುತ್ತಿದ್ದರೂ ಗೇಟ್‌ನಲ್ಲಿ ಬಯೋಟೆಕ್ನಾಲಜಿ ಪತ್ರಿಕೆ ಬರೆಯಬಹುದು. ಬೆಂಗಳೂರಿನ ಐಬಿಎಬಿಯಲ್ಲಿ ಬಯೋಇನ್ಫರ್ಮ್ಯಾಟಿಕ್ಸ್ ಓದಬಹುದು. ಐಟಿ ಕಂಪನಿಯೊಂದೇ ಗುರಿ ಎಂದುಕೊಂಡಿರುವ ಗೆಳೆಯರೇ, ನಿಮ್ಮ ಪೈಥಾನ್ ಪಾಠಕ್ಕೆ ಅಪ್ಪನ ತೋಟದಲ್ಲೂ ಕೆಲಸವಿದೆ.